ಕಾಯಿಸಿ ಆರಿಸಿದ ನೀರು

ನನಗೆ ದೇವರ ಭಯ ಇದೆ, ಗಂಡನ ಭಯ ಅಷ್ಟಾಗಿ ಇಲ್ಲ. ನೀರಿನ ಭಯ ಮಾತ್ರ ಎರಡನ್ನೂ ಮೀರಿದ್ದು. ಮೂರು ವರ್ಷದ ಹಿಂದೆ ಸಂತೆಯ ಹತ್ತಿರ ಐಸ್ ಹಾಕಿದ ಕಬ್ಬಿನ ಹಾಲು ಕುಡಿದ ಹದಿನೈದು ದಿನಕ್ಕೆ ಸರಿಯಾಗಿ ಟೈಫಾಯ್ಡ್ ಬಂತು. ಡಾಕ್ಟರು ಸಮಾಧಾನವಾಗಿ ವಿವರಿಸಿದರು: ರೋಗಿಯ ಮಲದಲ್ಲಿರುವ ಬ್ಯಾಕ್ಟೀರಿಯಾ ತೊಳೆಯದ ಕೈಯಿಂದಲೋ ಒಡೆದ ಪೈಪಿನಿಂದಲೋ ನೀರಿಗೆ ಸೇರಿ, ಅಲ್ಲಿಂದ ಇನ್ನೊಬ್ಬರ ಹೊಟ್ಟೆಗೆ ಹೋಗುತ್ತದಂತೆ. ಜಂತುಹುಳುವಿನ ಮೊಟ್ಟೆ, ಆಮಶಂಕೆಯ ಕ್ರಿಮಿ, ಎಲ್ಲದರದೂ ಹೆಚ್ಚುಕಡಿಮೆ ಇದೇ ದಾರಿ. ಯಾರದೋ ಹೊಟ್ಟೆಯಿಂದ ನನ್ನ ಹೊಟ್ಟೆಗೆ ಇಷ್ಟು ಹತ್ತಿರದ ದಾರಿ ಇದೆಯೆಂದು ಅಲ್ಲಿಯವರೆಗೆ ನನಗೆ ಗೊತ್ತಿರಲಿಲ್ಲ.

ಆಗ ನನ್ನನ್ನು ನೋಡಿಕೊಂಡವಳು ಗುಬ್ಬಿಯಲ್ಲಿರುವ ನನ್ನ ಅಕ್ಕ. ಎಮ್ಮೆ, ತೋಟ ಎಲ್ಲವನ್ನೂ ಭಾವನಿಗೆ ಒಪ್ಪಿಸಿ, ಒಂದು ನೀಲಿ ಬ್ಯಾಗು ಹಿಡಿದುಕೊಂಡು ಉಪ್ಪಾರಹಳ್ಳಿಯ ನಮ್ಮ ಮನೆಗೆ ಬಂದು ಇಪ್ಪತ್ತು ದಿನ ಇದ್ದಳು. ಅನ್ನ ಮೆತ್ತಗೆ ಬೇಯಿಸಿ ಹಿಸುಕಿ ತಿನ್ನಿಸಿದಳು, ಹಣೆಗೆ ಒದ್ದೆ ಬಟ್ಟೆ ಹಾಕಿದಳು, ನಡುನಡುವೆ ಬೈದಳು. ಮಧ್ಯಾಹ್ನ ನನ್ನ ಕಾಲ ಬಳಿ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಾ ಅಮ್ಮನ ಸುದ್ದಿ ಹೇಳುತ್ತಿದ್ದಳು. ಮದುವೆಯಾದ ಮೇಲೆ ನಾವಿಬ್ಬರೂ ಅಷ್ಟು ದಿನ ಒಟ್ಟಿಗೆ ಇದ್ದದ್ದೇ ಇಲ್ಲ. ಜ್ವರ ಇಳಿದಾಗ ನನಗೆ ಸ್ವಲ್ಪ ಬೇಸರವೇ ಆಯಿತು.

ಗುಣವಾದವಳು ನೆಟ್ಟಗಿರಬಾರದೇ? ನೀರು ಕುದಿಸುವ ಹುಚ್ಚು ಹಿಡಿಯಿತು. ಹೋದ ವರ್ಷ ಅಕ್ಕನ ಮನೆಗೆ ಹೋದಾಗ ಅವಳು ಎಂದಿನಂತೆ ಬೆಲ್ಲ, ನೀರು ತಂದು ಮುಂದಿಟ್ಟಳು. ನಾನು ಬೆಲ್ಲ ಬಾಯಿಗೆ ಹಾಕಿಕೊಂಡು, ಬ್ಯಾಗಿನಿಂದ ನನ್ನ ಬಾಟಲಿ ತೆಗೆದು ಕುಡಿದೆ. ಅಕ್ಕ ತಾನಿಟ್ಟ ಲೋಟವನ್ನೇ ನೋಡಿದಳು.

"ನಮ್ಮನೆ ನೀರು ನಿನ್ ಗಂಟ್ಲಲ್ಲಿ ಇಳಿಯಲ್ವೇನೇ? ಇದೇ ಕೈಲಿ ಇಪ್ಪತ್ ದಿನ ತಿನ್ಸಿದೀನಿ ಕಣೇ."

ನಾನು ಬ್ಯಾಕ್ಟೀರಿಯಾದ ವಿಷಯ ವಿವರಿಸಲು ಹೋದೆ. ಡಾಕ್ಟರು ಹೇಳಿದ್ದರಲ್ಲಿ ಒಂದನ್ನೂ ಬಿಡಲಿಲ್ಲ, ಮಲವನ್ನೂ. ಬೆಲ್ಲದ ತಟ್ಟೆಯ ಮುಂದೆ ಕೂತು ಆಡುವ ಮಾತೇ ಅದು? ಅಂದಿನಿಂದ ಅಕ್ಕ ನಮ್ಮ ಮನೆಗೆ ಬರಲಿಲ್ಲ. ಫೋನ್ ಮಾಡಿದರೆ ತೋಟದಲ್ಲಿದೀನಿ ಎಂದು ಇಟ್ಟುಬಿಡುತ್ತಿದ್ದಳು. ಆ ವರ್ಷ ನಮ್ಮ ಮನೆಯಲ್ಲಿ ಯಾರಿಗೂ ಒಂದು ಸಲವೂ ಹೊಟ್ಟೆ ಕೆಡಲಿಲ್ಲ. ಅಷ್ಟೊಂದು ಆರೋಗ್ಯ ಇಟ್ಟುಕೊಂಡು ಏನು ಮಾಡಬೇಕೋ ನನಗೆ ತಿಳಿಯಲಿಲ್ಲ. ಹುಣಸೆಹಣ್ಣು ಬಿಡಿಸಲು ಕೂತರೆ ಕಾಲ ಬಳಿ ನೋಡುವಂತಾಗುತ್ತಿತ್ತು.

ಕೊನೆಗೆ ಕಳೆದ ಭಾನುವಾರ ಬಾಟಲಿಯನ್ನು ಮನೆಯಲ್ಲೇ ಬಿಟ್ಟು ಗುಬ್ಬಿ ಬಸ್ಸು ಹತ್ತಿದೆ. ಅಕ್ಕ ಬೆಲ್ಲ, ನೀರು ತಂದಿಟ್ಟಳು. ಬಂದದ್ದು ಬರಲಿ ಎಂದು ಕಣ್ಣು ಮುಚ್ಚಿ ಒಂದೇ ಉಸಿರಿಗೆ ಕುಡಿದೆ.

"ನಿಧಾನ ಕಣೇ," ಎಂದಳು ಅಕ್ಕ. "ಕಾಯ್ಸಿ ಆರ್ಸಿದ್ದೇ ಅದು. ಅವತ್ತಿಂದ ದಿನಾ ಒಂದ್ ಪಾತ್ರೆ ಕಾಯಿಸ್ತೀನಿ, ನೀನ್ ಯಾವತ್ ಬರ್ತೀಯೋ ಏನೋ ಅಂತ. ಸಂಜೆ ಕರಿಬೇವಿನ ಗಿಡಕ್ಕೆ ಹಾಕ್ತೀನಿ ಬುಡು."

ಇಡೀ ಗುಬ್ಬಿಯಲ್ಲಿ ಕುದಿಸಿದ ನೀರು ಕುಡಿದು ಬೆಳೆದ ಕರಿಬೇವು ಅದೊಂದೇ ಇರಬೇಕು. ಲೋಟವನ್ನು ಮತ್ತೆ ಮುಂದೆ ಹಿಡಿದೆ. ಆಗಷ್ಟೇ ಎಮ್ಮೆಯ ಮೈ ಸವರಿ ಬಂದಿದ್ದ ಕೈಯನ್ನು ಅಕ್ಕ ಸೆರಗಿಗೆ ಒರೆಸಿಕೊಂಡು, ಆ ಕುದಿಸಿದ ನೀರಿನ ಪಾತ್ರೆಯೊಳಕ್ಕೆ ಲೋಟದ ಜೊತೆ ನಾಲ್ಕು ಬೆರಳನ್ನೂ ಮುಳುಗಿಸಿ ತುಂಬಿದಳು.

ಡಾಕ್ಟರು ಹೇಳಿದ ದಾರಿ ನನಗೆ ಬಾಯಿಪಾಠ. ಕೈಯಿಂದ ನೀರಿಗೆ, ನೀರಿನಿಂದ ಹೊಟ್ಟೆಗೆ. ಹೇಳಿಯೇಬಿಡೋಣ ಎಂದು ಬಾಯಿ ತೆರೆದವಳು, ತೆರೆದ ಬಾಯಿಗೆ ಆ ನೀರನ್ನೇ ಸುರಿದುಕೊಂಡೆ. ಏನಾಗುವುದಿದ್ದರೂ ಹದಿನೈದು ದಿನದಲ್ಲಿ ಗೊತ್ತಾಗುತ್ತದೆ. ಟೈಫಾಯ್ಡಿನಲ್ಲಿ ಅಕ್ಕ ಹಿಡಿದು ಬಂದಿದ್ದ ಆ ನೀಲಿ ಬ್ಯಾಗು ಈಗಲೂ ಅವಳ ಮನೆಯ ಅಟ್ಟದ ಮೇಲೆಯೇ ಇದೆಯಂತೆ, ಕೇಳಿಕೊಂಡು ಬಂದಿದ್ದೇನೆ.