ಪಟ್ಟಿಯಲ್ಲಿಲ್ಲದ ಎಡಗೈ

ದಿನಚರಿ ಬರೆಯುವವರಿಗೆ ಒಂದು ಅಹಂಕಾರ ಇರುತ್ತದೆ. ಬರೆದಿಟ್ಟದ್ದೇ ನಡೆದದ್ದು, ಬರೆಯದೆ ಬಿಟ್ಟದ್ದು ನಡೆಯಲೇ ಇಲ್ಲ ಎಂಬ ನಂಬಿಕೆ ಅದು. ನಾನು ಆರನೇ ತರಗತಿಯಿಂದ ದಿನಚರಿ ಬರೆಯುತ್ತಿದ್ದೇನೆ. ನಮ್ಮ ಬೆಕ್ಕು ಎಷ್ಟು ಮರಿ ಹಾಕಿತು, ಮೂಡುಬಿದಿರೆಯ ಬಸ್ಸು ಎಷ್ಟು ನಿಮಿಷ ತಡವಾಯಿತು, ದೊಡ್ಡಮ್ಮ ದಿನಕ್ಕೆ ಎಷ್ಟು ಸಲ ಕನ್ನಡಕ ಹುಡುಕಿದರು, ಎಲ್ಲಕ್ಕೂ ನನ್ನಲ್ಲಿ ತಾರೀಕು ಸಮೇತ ಲೆಕ್ಕ ಉಂಟು. ಕನ್ನಡಕದ ದಾಖಲೆ ಒಂದೇ ದಿನಕ್ಕೆ ಒಂಬತ್ತು. ಇಂಥ ನಾನು ಕಳೆದ ತಿಂಗಳು ಐದು ದಿನ ಪೂರ್ತಿ ಪತ್ತೇದಾರಿ ಮಾಡಿ, ಕೋಷ್ಟಕ ಹಾಕಿ, ಕೊನೆಗೆ ತಪ್ಪಿತಸ್ಥೆ ನಾನೇ ಎಂದು ಬೇರೆಯವರ ಬಾಯಲ್ಲಿ ಕೇಳಬೇಕಾಯಿತು.

ನನ್ನ ಅಪ್ಪ-ಅಮ್ಮನ ಮನೆ ಬಂಟ್ವಾಳದಲ್ಲಿ. ಆನಿಮೇಶನ್ ಕಲಿಯಲು ಮಿಜಾರಿನ ಕಾಲೇಜಿಗೆ ಸೇರಿದಾಗ ಮೂಡುಬಿದಿರೆಯ ದೊಡ್ಡಮ್ಮನ ಮನೆಗೆ ಬಂದವಳು, ಕಲಿತು ಮುಗಿದ ಮೇಲೂ ಇಲ್ಲಿಯೇ ಉಳಿದೆ. ದೊಡ್ಡಮ್ಮ ಬೆಳ್ತಂಗಡಿ ಕಡೆಯ ಶಾಲೆಗಳಲ್ಲಿ, ಕೊನೆಗೆ ನೆರಿಯದಲ್ಲಿ, ಮೂವತ್ತು ವರ್ಷ ಒಂದನೇ ತರಗತಿಗೆ ಪಾಠ ಮಾಡಿ ನಿವೃತ್ತರಾದವರು. ಮನೆಯಲ್ಲಿ ನಾವು ಮಾತಾಡುವುದು ತುಳು. ಆದರೆ ಶಿಸ್ತಿನ ವಿಷಯ ಬಂದ ಕೂಡಲೇ ದೊಡ್ಡಮ್ಮ ಕನ್ನಡಕ್ಕೆ ಬರುತ್ತಾರೆ. ಅವರು ಕನ್ನಡದಲ್ಲಿ "ಸ್ವಾತಿ, ಇಲ್ಲಿ ಬಾ" ಎಂದರೆ ನನಗೆ ಈಗಲೂ ಉಗುರು ನೋಡಿಕೊಳ್ಳಬೇಕು ಅನಿಸುತ್ತದೆ. ನಾನು ಹುಟ್ಟಿನಿಂದ ಎಡಚಿ. ಚಿಕ್ಕಂದಿನಲ್ಲಿ ಒಂದು ವರ್ಷ ನನ್ನನ್ನು ತಮ್ಮ ಜೊತೆ ಇಟ್ಟುಕೊಂಡು, ಅನ್ನ ಉಣ್ಣುವುದು, ಅಕ್ಷರ ಬರೆಯುವುದು, ಇನ್ನೊಬ್ಬರಿಗೆ ಏನಾದರೂ ಕೊಡುವುದು, ಈ ಮೂರನ್ನೂ ಬಲಗೈಗೆ ವರ್ಗಾಯಿಸಿದವರು ಇದೇ ದೊಡ್ಡಮ್ಮ. ಚಿತ್ರ ಬಿಡಿಸುವ ಕೆಲಸ ಮಾತ್ರ ಅವರ ಕಣ್ಣು ತಪ್ಪಿಸಿ ಎಡಗೈಯಲ್ಲಿಯೇ ಉಳಿದುಬಿಟ್ಟಿತು. ಅವರ ಎದುರು ಬಲಗೈಯಲ್ಲಿ ಬಿಡಿಸುತ್ತೇನೆ. ಬಲಗೈಯ ಗೆರೆ ಸಭ್ಯವಾದದ್ದು, ಆದರೆ ಅದರಲ್ಲಿ ಮೂಡಿದ ಮನುಷ್ಯರೆಲ್ಲ ಪ್ರಾರ್ಥನೆಗೆ ನಿಂತವರ ಹಾಗೆ ಕಾಣುತ್ತಾರೆ.

ದೂರದ ಊರಿನ ಸ್ಟುಡಿಯೋ ಒಂದು ನನಗೆ ಪರೀಕ್ಷೆ ಕೊಟ್ಟಿತ್ತು. ಒಬ್ಬರು ಇನ್ನೊಬ್ಬರಿಗೆ ಏನನ್ನಾದರೂ ಕೊಡುವ ಹತ್ತು ಸೆಕೆಂಡಿನ ದೃಶ್ಯ ಮಾಡಿ ಬುಧವಾರ ಸಂಜೆ ಐದರೊಳಗೆ ಕಳುಹಿಸಬೇಕು. ಒಪ್ಪಿಗೆಯಾದರೆ ಮನೆಯಿಂದಲೇ ಆರು ತಿಂಗಳ ಕೆಲಸ. ಆಗದಿದ್ದರೆ ಬಂಟ್ವಾಳದ ಹತ್ತಿರದ ಮಾಣಿಯಲ್ಲಿ ಅಪ್ಪನ ಗುರುತಿನವರ ಹೆಂಚಿನ ಅಂಗಡಿಯಲ್ಲಿ ಹಾಜರಿ ಪುಸ್ತಕ ನೋಡಿಕೊಳ್ಳುವ ಕೆಲಸ ಕಾದಿತ್ತು. "ಹೇಗೂ ನೀನು ಕಂಡದ್ದನ್ನೆಲ್ಲ ಬರೆದಿಡ್ತಿಯಲ್ಲ, ನಿನಗೆ ಹೇಳಿ ಮಾಡಿಸಿದ ಕೆಲಸ" ಎಂದು ಅಮ್ಮ ಫೋನಿನಲ್ಲಿ ಹೇಳಿದ್ದರು. ಅದು ನಿಜವಾಗಿದ್ದರಿಂದಲೇ ನನಗೆ ಹೆದರಿಕೆಯಾಯಿತು.

ಹತ್ತು ಸೆಕೆಂಡು ಅಂದರೆ, ಸೆಕೆಂಡಿಗೆ ಹನ್ನೆರಡರಂತೆ, ನೂರ ಇಪ್ಪತ್ತು ಚಿತ್ರ. ಇದಕ್ಕೆಂದೇ ಪೆನ್ ಡಿಸ್‌ಪ್ಲೇ ತರಿಸಿದೆ. ಅದೊಂದು ಪರದೆ. ಅದರ ಮೇಲೆಯೇ ವಿಶೇಷ ಪೆನ್ನಿನಿಂದ ಚಿತ್ರ ಬಿಡಿಸಬಹುದು. ಗುರುವಾರ, ತಾರೀಕು ನಾಲ್ಕು, ಬೆಳಿಗ್ಗೆ ಹತ್ತೂ ಕಾಲಿಗೆ ಪೆಟ್ಟಿಗೆ ಬಿಚ್ಚಿದೆ. ದೊಡ್ಡಮ್ಮ ಕನ್ನಡಕ ಹಾಕಿಕೊಂಡು ಹಿಂದೆ ಬಂದು ನಿಂತರು.

"ಇದು ಸ್ಲೇಟು ಅಲ್ವಾ?" ಎಂದರು.

"ಸ್ಲೇಟಿನ ಹಾಗೆಯೇ ದೊಡ್ಡಮ್ಮ."

"ನಮ್ಮ ಸ್ಲೇಟಿಗೆ ಇಷ್ಟು ವಯರ್ ಇರಲಿಲ್ಲ. ಒರೆಸಲಿಕ್ಕೆ ಎಂತ ಮಾಡ್ತಿ, ಎಂಜಲಾ?"

ಎಂಜಲು ಬೇಡ, ಎಡ ಅಂಚಿನಲ್ಲಿ ಆರು ಗುಂಡಿಗಳಿವೆ, ಮೇಲಿನದನ್ನು ಒತ್ತಿದರೆ ಕೊನೆಯ ಗೆರೆ ತಾನೇ ಅಳಿಸಿಹೋಗುತ್ತದೆ ಎಂದು ವಿವರಿಸಿದೆ. "ಹಾಗಾದರೆ ಮಕ್ಕಳು ತಪ್ಪು ಮಾಡಿದ್ದು ಟೀಚರಿಗೆ ಗೊತ್ತೇ ಆಗುವುದಿಲ್ಲ" ಎಂದು ಅವರು ಬೇಸರಪಟ್ಟರು. ಪರದೆ ಕೆಲಸ ಮಾಡಲು ಬೇಕಾದ ಸಾಫ್ಟ್‌ವೇರ್ ಹಾಕುತ್ತ ಹೋದೆ. ಅದು ಒಂದೊಂದೇ ಪ್ರಶ್ನೆ ಕೇಳಿತು. ದೊಡ್ಡಮ್ಮ ಪ್ರತಿಯೊಂದನ್ನೂ ಜೋರಾಗಿ ಓದಿದರು. ಯಾವ ಭಾಷೆ, ಯಾವ ಪರದೆ, ಆಮೇಲೆ ಬರೆಯುವ ಕೈ ಯಾವುದು. "ಕೈ ಯಾವುದು ಅಂತ ಕೇಳ್ತದೆ" ಎಂದರು ದೊಡ್ಡಮ್ಮ. ನಾನು ಬಲಗೈ ಎಂದು ಒತ್ತಿದೆ. ಅವರು ಹಿಂದೆ ನಿಂತಿರುವಾಗ ಬೇರೆ ಉತ್ತರ ನನ್ನ ತಲೆಗೇ ಬರಲಿಲ್ಲ. ಕೊನೆಗೆ ಪರದೆಯ ನಾಲ್ಕು ಮೂಲೆಗಳಲ್ಲಿ ಕಂಡ ಕೂಡಿಸುವ ಚಿಹ್ನೆಯನ್ನು ಪೆನ್ನಿನಿಂದ ಮುಟ್ಟಬೇಕಿತ್ತು. ಪೆನ್ನಿನ ತುದಿ ಇದ್ದಲ್ಲೇ ಗೆರೆ ಬೀಳಲು ಈ ಶಾಸ್ತ್ರ. ಅದೂ ಮುಗಿಯಿತು. ದೊಡ್ಡಮ್ಮ ಅಡುಗೆಮನೆಗೆ ಹೋದರು. ಪೆನ್ನು ಎಡಗೈಗೆ ಬಂತು.

ನಾನು ಆರಿಸಿಕೊಂಡ ದೃಶ್ಯ ಸರಳವಾದದ್ದು. ಬಿಸಿಲಿನಲ್ಲಿ ನಡೆದು ಬಂದ ಪುಟ್ಟ ಹುಡುಗಿಗೆ ಒಬ್ಬ ಅಜ್ಜಿ ಡಬ್ಬಿಯಿಂದ ಬೆಲ್ಲದ ತುಂಡು ತೆಗೆದು ಕೊಡುತ್ತಾಳೆ. ಅಜ್ಜಿಯ ಬೆನ್ನಿನ ಗೆರೆ ಎಳೆದೆ, ಚಂದ ಬಂತು. ಕುತ್ತಿಗೆಯ ಗೆರೆ ಎಳೆದೆ, ಬೆನ್ನು ಮಾಯವಾಯಿತು. ಬೆನ್ನು ಮತ್ತೆ ಎಳೆದಾಗ ಕುತ್ತಿಗೆ ಹೋಯಿತು. ಸಂಜೆಯೊಳಗೆ ಇಪ್ಪತ್ತೆರಡು ಗೆರೆ ಹೋದವು.

ಬೇರೆಯವರಾಗಿದ್ದರೆ ಆಗಲೇ ಯಾರಿಗಾದರೂ ಫೋನ್ ಮಾಡುತ್ತಿದ್ದರು. ನಾನು ದಿನಚರಿಯಲ್ಲಿ ಕೋಷ್ಟಕ ಹಾಕಿದೆ. ಗೆರೆ ಹೋದ ಸಮಯ, ಕುಂಚದ ಬಗೆ, ಫ್ಯಾನು ತಿರುಗುತ್ತಿತ್ತೇ, ಮೊಬೈಲು ಎಷ್ಟು ದೂರ ಇತ್ತು, ಕರೆಂಟು ಹೇಗಿತ್ತು, ಕೋಣೆಯಲ್ಲಿ ಯಾರಿದ್ದರು. ಸಾಫ್ಟ್‌ವೇರನ್ನು ಮೂರು ಸಲ ತೆಗೆದು ಹಾಕಿದೆ. ಪ್ರತಿ ಸಲವೂ ಕೈ ಯಾವುದು ಎಂದು ಅದು ಕೇಳಿತು, ಪ್ರತಿ ಸಲವೂ ಓದದೆಯೇ ಬಲಗೈ ಎಂದೆ. ಭಾನುವಾರದ ಹೊತ್ತಿಗೆ ಒಟ್ಟು ಎಂಬತ್ತೊಂದು ಗೆರೆ ಕಾಣೆಯಾಗಿದ್ದವು, ಮುಗಿದ ಚಿತ್ರ ಮೂವತ್ತೊಂದು. ಕೋಷ್ಟಕದಲ್ಲಿ ಒಂದೇ ಒಂದು ಸಂಗತಿ ಸ್ಪಷ್ಟವಾಗಿತ್ತು. ದೊಡ್ಡಮ್ಮ ಕೋಣೆಯಲ್ಲಿದ್ದಾಗ ಹೋದ ಗೆರೆಗಳ ಸಂಖ್ಯೆ ಸೊನ್ನೆ. ಮೂವತ್ತು ವರ್ಷ ಒಂದನೇ ತರಗತಿಯನ್ನು ಸುಮ್ಮನೆ ಕೂರಿಸಿದವರ ಎದುರು ಯಂತ್ರಕ್ಕೂ ಹೆದರಿಕೆ ಇರಬಹುದು ಎಂದು ಕೆಳಗೆ ಷರಾ ಬರೆದೆ. ಅರ್ಧ ತಮಾಷೆಗೆ ಬರೆದದ್ದು. ಉಳಿದರ್ಧ ನಂಬಿದ್ದೆ.

ಸೋಮವಾರ ಬಂಟ್ವಾಳದಿಂದ ಹರೀಶಣ್ಣನನ್ನು ಕರೆಸಿದೆ. ನಮ್ಮ ಎರಡೂ ಮನೆಗಳ ಕಂಪ್ಯೂಟರ್ ರಿಪೇರಿ ಅವರದೇ. ಕೇಬಲ್ ಬಿಚ್ಚಿ ಹಾಕಿದರು, ಪೆನ್ನಿನ ತುದಿ ಬದಲಿಸಿದರು. "ಒಮ್ಮೆ ಬಿಡಿಸಿ ತೋರಿಸು" ಎಂದರು. ದೊಡ್ಡಮ್ಮ ಚಹಾ ಹಿಡಿದು ಬಾಗಿಲಲ್ಲೇ ನಿಂತಿದ್ದರು. ನಾನು ಬಿಡಿಸಿ ತೋರಿಸಿದೆ. ಬೆನ್ನು, ಕುತ್ತಿಗೆ, ಸೆರಗು, ಒಂದು ಗೆರೆಯೂ ಅಲ್ಲಾಡಲಿಲ್ಲ.

"ಎಂತ ಮಾರಾಯ್ತಿ, ಬೆಣ್ಣೆಯ ಹಾಗೆ ಹೋಗ್ತದೆ! ಬಂಟ್ವಾಳದಿಂದ ಕರೆಸಿದ್ದು ಚಹಾ ಕುಡಿಸಲಿಕ್ಕಾ?"

"ಇಲ್ಲ ಹರೀಶಣ್ಣ, ನಿಜವಾಗಿಯೂ ಹೋಗ್ತದೆ. ಬರೆದಿಟ್ಟಿದ್ದೇನೆ ನೋಡಿ."

ಅವರು ಕೋಷ್ಟಕವನ್ನು ಮೇಲಿನಿಂದ ಕೆಳಗೆ ನೋಡಿದರು. "ಹಾಗಾದರೆ ದೊಡ್ಡಮ್ಮನನ್ನು ಪಕ್ಕದಲ್ಲಿಯೇ ಕೂರಿಸಿಕೋ. ಸ್ಟೆಬಿಲೈಸರಿಗಿಂತ ಒಳ್ಳೆಯದು" ಎಂದು ಚಹಾ ಮುಗಿಸಿ ಬೈಕು ಹತ್ತಿದರು.

ಉಳಿದದ್ದು ಎರಡು ದಿನ, ಬಾಕಿ ಎಂಬತ್ತೊಂಬತ್ತು ಚಿತ್ರ. ನನಗೆ ಹಾಜರಿ ಪುಸ್ತಕದ ರಟ್ಟು ಕಣ್ಣೆದುರು ಬಂತು. ದೊಡ್ಡಮ್ಮ ಲೋಟ ತೆಗೆದಿಟ್ಟು, ಕನ್ನಡದಲ್ಲಿ ಕೇಳಿದರು: "ಸ್ವಾತಿ, ಅವನಿಗೆ ಬಲಗೈಯಲ್ಲಿ ಮಾಡಿ ತೋರಿಸಿದ್ದು ಯಾಕೆ?"

ನಾನು ಉಗುರು ನೋಡಿಕೊಂಡೆ.

"ನೀನು ಎಡಗೈಯಲ್ಲಿ ಚಿತ್ರ ಬಿಡಿಸುವುದು ನನಗೆ ಗೊತ್ತಿಲ್ಲ ಅಂತ ಯಾರು ಹೇಳಿದ್ದು? ಶಾಲೆಗೆ ಹೋಗುವಾಗಲೇ ರಜೆಯಲ್ಲಿ ಇಲ್ಲಿಗೆ ಬಂದರೆ ನಿನ್ನ ಎಡಗೈಯ ಅಂಚು ಪೆನ್ಸಿಲಿನ ಕಪ್ಪು ಹಿಡಿದಿರ್ತಿತ್ತು. ಊಟಕ್ಕೆ ಬಲಗೈ ಒಂದನ್ನೇ ತೊಳೆದುಕೊಂಡು ಬರ್ತಿದ್ದಿ."

"ಮತ್ತೆ ನೀವು ಒಂದು ಮಾತೂ ಹೇಳಲಿಲ್ಲ?"

ದೊಡ್ಡಮ್ಮ ಸೆರಗಿನಿಂದ ಕನ್ನಡಕ ಒರೆಸಿದರು. "ಹೇಳಿದ್ರೆ ಬೈಯಬೇಕಿತ್ತು. ಬೈದಿದ್ರೆ ನೀನು ಬಿಡ್ತಿದ್ದಿ" ಎಂದರು. ಈ ಮಾತು ಮಾತ್ರ ತುಳುವಿನಲ್ಲಿ ಬಂತು.

ಆಮೇಲೆ ಕುರ್ಚಿ ಎಳೆದು ಪಕ್ಕದಲ್ಲಿ ಕೂತರು. "ಈಗ ಆ ಕೈಯಲ್ಲಿ ಬಿಡಿಸು. ನೋಡ್ತೇನೆ."

ಚಿಕ್ಕಂದಿನ ಆ ಒಂದು ವರ್ಷದ ಪಾಠದ ನಂತರ ಮೊದಲ ಸಲ ಅವರೆದುರು ಪೆನ್ನನ್ನು ಎಡಗೈಯಲ್ಲಿ ಹಿಡಿದೆ. ಬೆನ್ನು ಎಳೆದೆ. ಕುತ್ತಿಗೆಗೆ ಹೋದೆ. ಬೆನ್ನು ಮಾಯ. ದೊಡ್ಡಮ್ಮ ಪರದೆಯನ್ನು ನೋಡುತ್ತಲೇ ಇರಲಿಲ್ಲ, ನನ್ನ ಕೈ ನೋಡುತ್ತಿದ್ದರು. "ನಿನ್ನ ಮುಂಗೈ ಗುಂಡಿಯ ಮೇಲೆ ಕೂತಿದೆಯಲ್ಲ ಮಗೂ!" ಎಂದರು. ಬಲಗೈಯವರು ಖಾಲಿ ಎಡಗೈಯಿಂದ ಒತ್ತಲಿ ಎಂದು ಎಡ ಅಂಚಿನಲ್ಲಿಟ್ಟ ಗುಂಡಿ ಅದು. ನಾನು ಕುತ್ತಿಗೆಯ ಕಡೆ ಬಾಗಿದಾಗಲೆಲ್ಲ ನನ್ನದೇ ಮುಂಗೈ ಅದನ್ನು ಒತ್ತಿ, ನಾನೇ ಎಳೆದದ್ದನ್ನು ಅಳಿಸುತ್ತಿತ್ತು. ಅಷ್ಟೆಲ್ಲ ಸೂಕ್ಷ್ಮವಾದ ನನ್ನ ಕೋಷ್ಟಕದಲ್ಲಿ ಕೈ ಎಂಬ ಕಾಲಂ ಇರಲಿಲ್ಲ.

ಸಾಫ್ಟ್‌ವೇರ್ ತೆರೆದು ಮತ್ತೆ ಅದೇ ಪ್ರಶ್ನೆಗೆ ಬಂದೆವು. "ಕೈ ಯಾವುದು ಅಂತ ಕೇಳ್ತದೆ" ಎಂದರು ದೊಡ್ಡಮ್ಮ. "ಈಗ ಸತ್ಯ ಹೇಳು." ಎಡಗೈ ಎಂದು ಒತ್ತಿದೆ. ಇಡೀ ಚಿತ್ರ ತಲೆಕೆಳಗಾಯಿತು. "ಅಯ್ಯೋ, ಎಡಗೈಯಲ್ಲಿ ಮಾಡಿದ್ದು ನೆಟ್ಟಗಾಗುವುದಿಲ್ಲ ಅಂತ ನಾನು ಹೇಳಲಿಲ್ವಾ?" ಎಂದು ದೊಡ್ಡಮ್ಮನ ಹಳೆಯ ನಂಬಿಕೆ ಎದ್ದು ಬಂತು. ಪರದೆಯನ್ನೇ ಅರ್ಧ ಸುತ್ತು ತಿರುಗಿಸಿ ಇಡಬೇಕಿತ್ತು, ಅಷ್ಟೆ. ತಿರುಗಿಸಿದಾಗ ಗುಂಡಿಗಳು ಬಲಕ್ಕೆ ಬಂದವು, ಅಜ್ಜಿ ನೆಟ್ಟಗೆ ನಿಂತಳು.

ಬುಧವಾರ ಮಧ್ಯಾಹ್ನ ಮೂರೂ ಮುಕ್ಕಾಲಿಗೆ ನೂರ ಇಪ್ಪತ್ತನೆಯ ಚಿತ್ರ ಮುಗಿಯಿತು. ಓಡಿಸಿ ತೋರಿಸಿದೆ. ದೊಡ್ಡಮ್ಮ ಹತ್ತು ಸೆಕೆಂಡು ನೋಡಿ, "ಇವಳು ಎಡಗೈಯಲ್ಲಿ ಕೊಡ್ತಿದ್ದಾಳಲ್ಲ!" ಎಂದರು. ಹೌದು. ಎಡಗೈಗೆ ಬಿಡುಗಡೆ ಸಿಕ್ಕ ಖುಷಿಯಲ್ಲಿ ನಾನು ಅಜ್ಜಿಯನ್ನೂ ಎಡಚಿ ಮಾಡಿದ್ದೆ. ಮತ್ತೆ ಬಿಡಿಸಲು ಸಮಯವಿರಲಿಲ್ಲ. ಇಡೀ ದೃಶ್ಯವನ್ನು ಕನ್ನಡಿಯಲ್ಲಿ ಕಂಡಂತೆ ಮಗುಚುವ ಆಜ್ಞೆ ಸಾಫ್ಟ್‌ವೇರಿನಲ್ಲಿತ್ತು, ಒತ್ತಿದೆ. ನನ್ನನ್ನು ಬಲಗೈಗೆ ತರಲು ದೊಡ್ಡಮ್ಮನಿಗೆ ಒಂದು ವರ್ಷ ಹಿಡಿದಿತ್ತು. ಅಜ್ಜಿ ಒಂದೇ ಕ್ಷಣದಲ್ಲಿ ಸರಿಹೋದಳು. ದೊಡ್ಡಮ್ಮ ಇನ್ನೊಮ್ಮೆ ನೋಡಿದರು. ಈಗ ಆ ಪುಟ್ಟ ಹುಡುಗಿ ಬೆಲ್ಲವನ್ನು ಎಡಗೈಯಲ್ಲಿ ತೆಗೆದುಕೊಳ್ಳುತ್ತಿದ್ದಳು.

"ಇರಲಿ" ಎಂದರು ದೊಡ್ಡಮ್ಮ, ಕನ್ನಡಕ ತೆಗೆಯುತ್ತ. "ಅವಳು ಚಿತ್ರ ಬಿಡಿಸುವವಳಿರಬೇಕು. ಕಳುಹಿಸು."

ನಾಲ್ಕೂ ಇಪ್ಪತ್ತಕ್ಕೆ ಕಳುಹಿಸಿದೆ. ಶನಿವಾರ ಉತ್ತರ ಬಂತು, ಕೆಲಸ ಸಿಕ್ಕಿತು. ಮಾಣಿಯ ಹಾಜರಿ ಪುಸ್ತಕಕ್ಕೆ ಬೇರೆ ಯಾರೋ ಸಿಕ್ಕಿದರಂತೆ.

ಆ ದಿನವೇ ದಿನಚರಿಯ ಕೋಷ್ಟಕಕ್ಕೆ 'ಕೈ' ಎಂಬ ಕಾಲಂ ಸೇರಿಸಿದೆ. ಸೇರಿಸುವಾಗ ಗಮನಿಸಿದೆ, ಬರೆಯುತ್ತಿದ್ದದ್ದು ಬಲಗೈ. ಆರನೇ ತರಗತಿಯಿಂದ ಇಂದಿನವರೆಗೆ ನನ್ನ ಜೀವನದ ಸಕಲ ದಾಖಲೆಯೂ ಅದರದೇ. ಎಡಗೈ ಇಷ್ಟು ವರ್ಷ ಏನೆಲ್ಲ ಮಾಡಿತೆಂದು ಅದು ಎಲ್ಲಿಯೂ ಬರೆದಿಲ್ಲ. ಈ ಪ್ರಬಂಧವನ್ನೂ ಬಲಗೈಯಲ್ಲಿಯೇ ಬರೆದಿದ್ದೇನೆ. ಆದ್ದರಿಂದ ಇಲ್ಲಿರುವ ತಾರೀಕು, ಗಂಟೆ, ಸಂಖ್ಯೆಗಳನ್ನು ನಂಬಲೇಬೇಕೆಂದು ನಾನು ಒತ್ತಾಯಿಸುವುದಿಲ್ಲ. ಮುಖ್ಯವಾದದ್ದು ನಡೆಯುವಾಗ ಸಾಕ್ಷಿಯಾಗಬೇಕಾದ ಬಲಗೈ ಖಾಲಿ ಕೂತಿತ್ತು.