ಮೈಕಿಗೂ ಕಾಲು ತೊಳೆಸಿದ ಅಜ್ಜಿ

ಮನೆಗೆ ನೆಂಟರು ಬಂದರೆ ಒಳಕೋಣೆ ಸೇರುವ ನಾನು, ಸಿನಿಮಾಕ್ಕೆ ಸದ್ದು ಮಾಡುವುದನ್ನು ಕಲಿಯಲು ಹೋದೆನಲ್ಲ, ಅಂದಿನಿಂದ ಹೋದಲ್ಲೆಲ್ಲ ಏನಾದರೊಂದು ನಡೆದೇ ನಡೆಯುತ್ತದೆ. ಈ ಸಲದ್ದಕ್ಕೆ ಕಾರಣ ಮೇಷ್ಟ್ರು ಕೊಟ್ಟ ಮೂರು ನಿಮಿಷದ ಮೂಕ ದೃಶ್ಯ. ಸುರಿಯುವ ಮಳೆಯಲ್ಲಿ ಮಗ ಕುದುರೆ ಏರಿ ಮನೆಗೆ ಬರುತ್ತಾನೆ. ಬಾಗಿಲಲ್ಲೇ ತಾಯಿ ಅವನ ಕೆನ್ನೆಗೆ ಬಾರಿಸುತ್ತಾಳೆ. ಆಮೇಲೆ ಇಬ್ಬರೂ ಸುಮ್ಮನೆ ನಿಲ್ಲುತ್ತಾರೆ. ಇದರ ಒಂದೊಂದು ಸದ್ದನ್ನೂ ನಾವೇ ಹುಟ್ಟಿಸಬೇಕು. ಇಂಟರ್ನೆಟ್ಟಿನಿಂದ ಇಳಿಸಿದ್ದು ಗೊತ್ತಾದರೆ ಫೇಲು, ಮುಂದಿನ ವರ್ಷ ಅದೇ ಬೆಂಚು.

ಕುದುರೆ

ರಾಮನಗರದ ನಮ್ಮ ಬೀದಿಯಲ್ಲಿ ಕುದುರೆ ಎಲ್ಲಿಂದ ಬರಬೇಕು? ಚನ್ನಪಟ್ಟಣಕ್ಕೆ ಹೋಗಿ, ಮರದ ಗೊಂಬೆ ಮಾಡುವ ಒಬ್ಬ ಚಾಚಾ ಹತ್ತಿರ, ಗೊರಸಿನ ಸದ್ದಿಗೆ ಅಂತ ಎರಡು ಮರದ ಬಟ್ಟಲು ಕೇಳಿದೆ.

"ಮಗೂಗೆ ಎಷ್ಟು ವರ್ಷಮ್ಮ?" ಅಂದರು.

ಸಿನಿಮಾ, ಸದ್ದು ಅಂತೆಲ್ಲ ವಿವರಿಸುವ ಧೈರ್ಯ ಬರಲಿಲ್ಲ. "ಮೂರು" ಅಂದುಬಿಟ್ಟೆ.

"ಹಂಗಾದ್ರೆ ಬಾಯಿಗೆ ಹಾಕ್ಕೊಳ್ತದೆ" ಅಂತ ಚಾಚಾ ಅಂಚನ್ನು ಉಜ್ಜಿ ಉಜ್ಜಿ ಬೆಣ್ಣೆ ಮಾಡಿ ಕೊಟ್ಟರು. ಕಲ್ಲಿನ ಮೇಲೆ ಬಡಿದು ನೋಡಿದರೆ ಕುದುರೆ ಸಾಕ್ಸ್ ಹಾಕಿಕೊಂಡು ನಡೆದಂತಿತ್ತು. ಚೂಪಾದ ಅಂಚಿನದೇ ಬೇಕು ಅಂತ ಬೇರೆ ಎರಡು ತೆಗೆಸಿ, ಮೆಟ್ಟಿಲ ಮೇಲೆ ಕುಕ್ಕರಗಾಲಲ್ಲಿ ಕೂತು, ಕಣ್ಣು ಮುಚ್ಚಿಕೊಂಡು ಕುದುರೆ ಓಡಿಸಿದೆ. ಕಣ್ಣು ಬಿಟ್ಟರೆ ಅಂಗಡಿಯಲ್ಲಿ ಮರ ಕಡೆಯುವ ಯಂತ್ರದ ಸದ್ದು ನಿಂತಿತ್ತು, ಚಾಚಾ ನನ್ನನ್ನೇ ನೋಡುತ್ತಿದ್ದರು.

"ಮಗೂಗೆ ಅಲ್ವಾ ಇದು?"

"ಅಲ್ಲ. ನನಗೇ."

"ಎಷ್ಟು ವರ್ಷ?"

"ಇಪ್ಪತ್ತೊಂದು."

ಚಾಚಾ ಬಟ್ಟಲುಗಳನ್ನು ಕಾಗದದಲ್ಲಿ ಸುತ್ತಿ ಕೊಟ್ಟು, "ಇರ್ಲಿ ಬೇಟಾ, ಆಡ್ಕೊ" ಅಂದರು.

ಕಪಾಳಮೋಕ್ಷ

ಸಾತನೂರು ಕಡೆಯ ನಮ್ಮಜ್ಜಿ ಮನೆಗೆ ಹೋದೆ. ಮನುಷ್ಯರ ಕೆನ್ನೆಗಿಂತ ಬಿಸಿ ರಾಗಿಮುದ್ದೆ ಚೆನ್ನಾಗಿ ಸದ್ದು ಕೊಡುತ್ತದೆ ಅಂತ ನನ್ನ ಅಂದಾಜು. ನಾನು ಅಡುಗೆಮನೆಯಲ್ಲಿ ಮೈಕು ಹಿಡಿದೆ. ಅಜ್ಜಿ ಕೈ ಒದ್ದೆ ಮಾಡಿಕೊಂಡು ಮುದ್ದೆಗೆ ಬಾರಿಸಿದರು. ಪಟಾರ್!

"ಇನ್ನೊಂದು ಸಲ ಅಜ್ಜಿ, ಇನ್ನೂ ಜೋರಾಗಿ!"

ಏಳನೇ ಏಟಿಗೆ ಪಕ್ಕದ ಮನೆಯಾಕೆ ಸೆರಗು ಸಿಕ್ಕಿಸಿಕೊಂಡು ಒಳಗೆ ನುಗ್ಗಿದರು. "ಬುಡವ್ವ, ಬುಡು! ವಯಸ್ಗೆ ಬಂದ ಮಗೀಗೆ ಹಿಂಗಾ ಹೊಡೆಯೋದು?"

"ಅವ್ಳಿಗಲ್ಲ ಕಣಮ್ಮಿ, ಮುದ್ದೆಗೆ ಹೊಡೀತಾ ಇವ್ನಿ" ಅಂದರು ಅಜ್ಜಿ.

ಆಕೆ ತಟ್ಟೆಯಲ್ಲಿ ಚಪ್ಪಟೆಯಾಗಿದ್ದ ಮುದ್ದೆಯನ್ನು ನೋಡಿದರು, ಅಜ್ಜಿಯನ್ನು ನೋಡಿದರು. "ಅದೇನ್ ಮಾಡ್ತವ್ವ ಪಾಪ?"

ಮಳೆ

ಒಂದು ತಿಂಗಳಿಂದ ಹನಿ ಮಳೆ ಇಲ್ಲ. ಆದರೆ ಅಜ್ಜಿಯ ಹುಳುಮನೆಯಲ್ಲಿ ರೇಷ್ಮೆಹುಳು ಕೊನೇ ಜ್ವರ, ಅಂದರೆ ಪೊರೆ ಬಿಡುವ ಕೊನೆಯ ನಿದ್ದೆ, ಮುಗಿಸಿ ಎದ್ದಿದ್ದವು. ಗೂಡು ಕಟ್ಟುವ ಮುಂಚಿನ ಆ ದಿನಗಳಲ್ಲಿ ಸಾವಿರಾರು ಹುಳು ಒಟ್ಟಿಗೆ ಹಿಪ್ಪುನೇರಳೆ ಸೊಪ್ಪು ಮೇಯುವಾಗ, ಹೆಂಚಿನ ಮೇಲೆ ಮಳೆ ಸುರಿದ ಹಾಗೇ ಕೇಳುತ್ತದೆ.

ಹುಳುಮನೆಗೆ ಹೊರಗಿನವರು ಹಾಗೇ ನುಗ್ಗುವಂತಿಲ್ಲ, ಹುಳುವಿಗೆ ರೋಗ ತಗಲುತ್ತದೆ. ನಾನು ಬಾಗಿಲಲ್ಲಿ ಕಾಲು ತೊಳೆದು ಒಳಗೆ ಹೋದೆ. ಅಜ್ಜಿ ಮೈಕಿನ ಸ್ಟ್ಯಾಂಡಿಗೆ ಅಡ್ಡ ನಿಂತರು.

"ಇದೂ ಕಾಲು ತೊಳೀಲಿ."

"ಅಜ್ಜಿ, ಅದು ಸ್ಟ್ಯಾಂಡು."

"ಏನಾರ ಆಗ್ಲಿ. ನಿಂಗೆ ಎರಡು ಕಾಲು, ಅದಕ್ಕೆ ಮೂರು ಐತೆ. ಇನ್ನೊಸಿ ಜಾಸ್ತಿನೇ ತೊಳೀಬೇಕು."

ಪರೀಕ್ಷೆ

ಕತ್ತರಿಸಿ, ಜೋಡಿಸಿ, ಕೊನೆಯಲ್ಲಿ ನಾನೊಂದು ಜಾಣತನ ಮಾಡಿದೆ. ಏಟು ಬಿದ್ದ ಮೇಲಿನ ಮೌನದಲ್ಲಿ ಮಳೆಯ ಸದ್ದನ್ನು ಪೂರ್ತಿ ಏರಿಸಿದೆ. ಎದೆ ಝಲ್ ಅನ್ನಲಿ ಅಂತ. ಏರಿಸಿದ ಮೇಲೆ ಇನ್ನೊಮ್ಮೆ ಕೇಳಲಿಲ್ಲ.

ಕ್ಲಾಸಿನಲ್ಲಿ ನನ್ನ ದೃಶ್ಯ ಹಾಕಿ, ಮಳೆ ಶುರುವಾಗುತ್ತಲೇ ಮೇಷ್ಟ್ರು ನಿಲ್ಲಿಸಿದರು. "ತಿಂಗಳಿಂದ ಮಳೆಯಿಲ್ಲ. ಇದನ್ನ ಎಲ್ಲಿಂದ ಇಳಿಸಿದೆ?"

ನಲವತ್ತು ಮುಖ ನನ್ನತ್ತ ತಿರುಗಿದವು. ನಾನು ಬೆಂಚಿನ ಕೆಳಗೆ ಬಗ್ಗಿ, ಬೀಳದೇ ಇದ್ದ ಪೆನ್ನು ಹುಡುಕಿದೆ. ಮೇಷ್ಟ್ರು ತಲೆಯಾಡಿಸಿ ಮುಂದುವರಿಸಿದರು. ನನ್ನ ಒಂದು ವರ್ಷ ಹೋಯಿತು ಅಂದುಕೊಂಡೆ.

ಕುದುರೆ ಬಂತು. ಏಟು ಬಿತ್ತು, ಪಟಾರ್! ತಾಯಿ, ಮಗ ಒಬ್ಬರನ್ನೊಬ್ಬರು ನೋಡುತ್ತ ನಿಂತರು. ಮಳೆ ಏರಿತು. ಅದರೊಳಗಿನಿಂದ, ಇಡೀ ಕೋಣೆ ತುಂಬುವ ಹಾಗೆ, ನಮ್ಮಜ್ಜಿಯ ಪಿಸುದನಿ:

"ಉಣ್ಣು ಮಗಾ... ಹೊಟ್ಟೆ ತುಂಬ ಉಣ್ಣು..."

ಕ್ಲಾಸಿಗೆ ಕ್ಲಾಸೇ ಬೆಂಚು ಬಡಿದು ನಕ್ಕಿತು.

"ಯಾರಮ್ಮ ಇದು?" ಅಂದರು ಮೇಷ್ಟ್ರು.

"ನಮ್ಮಜ್ಜಿ ಸರ್."

"ಮಳೇಲಿ ಯಾರಿಗೆ ಊಟ ಹಾಕ್ತಿದ್ರು?"

"ಮಳೆ ಅಲ್ಲ ಸರ್. ರೇಷ್ಮೆಹುಳು ಸೊಪ್ಪು ತಿನ್ನೋ ಸದ್ದು. ಅಜ್ಜಿ ಅವಕ್ಕೆ ಹಾಗೇ ಹೇಳ್ತಾರೆ."

ಮೇಷ್ಟ್ರು ಆ ಮಳೆಯನ್ನು ಇನ್ನೂ ಎರಡು ಸಲ ಕೇಳಿದರು. "ಪಾಸು. ಇಂಥ ಅಜ್ಜಿ ಇಂಟರ್ನೆಟ್ಟಲ್ಲಿ ಸಿಗಲ್ಲ" ಅಂದರು.

ಸಂಜೆ ಅಜ್ಜಿಗೆ ಫೋನು ಮಾಡಿ, ಏಟಿನ ಮೇಲೆ ನಿಮ್ಮ ದನಿ ಬಂದು ಎಲ್ಲರೂ ನಕ್ಕರು ಅಂದೆ. ಅಜ್ಜಿಗೆ ಅದರಲ್ಲಿ ನಗುವಂಥದ್ದೇನೂ ಕಾಣಲಿಲ್ಲ.

"ಅಲ್ಲ ಕಣವ್ವ, ಹೆತ್ತೋಳು ಮಗನ್ಗೆ ಒಂದೇಟು ಹಾಕುದ್ಮೇಲೆ 'ಉಣ್ಣು ಮಗಾ' ಅನ್ನದೆ ಇದ್ದಾಳಾ? ಆ ಸಿನಿಮಾದೋರೇ ಮರ್ತ್‌ಬುಟ್ಟವ್ರೆ. ನಾನ್ ಜ್ಞಾಪಿಸ್ದೆ, ಅಷ್ಟೇಯ."