ಮಾತ್ರೆ ಪಟ್ಟಿಯಲ್ಲಿ ಒಂದು ಕೂದಲು

ಕೂದಲಿನ ವಿಷಯದಲ್ಲಿ ನನ್ನಷ್ಟು ಕಟ್ಟುನಿಟ್ಟಿನ ಮನುಷ್ಯ ಇಡೀ ಬೊಮ್ಮಸಂದ್ರದಲ್ಲೇ ಇರಲಿಲ್ಲ. ಮಾತ್ರೆ ಕಾರ್ಖಾನೆಯೊಂದರ ಪ್ಯಾಕಿಂಗ್ ವಿಭಾಗಕ್ಕೆ ನಾನು ಸೂಪರ್‌ವೈಸರ್. ದಿನಾ ಬೆಳಿಗ್ಗೆ ಬಾಗಿಲಲ್ಲಿ ನಿಂತು ಒಬ್ಬೊಬ್ಬರ ಟೋಪಿಯನ್ನೂ ಪರೀಕ್ಷಿಸಿಯೇ ಒಳಗೆ ಬಿಡುತ್ತಿದ್ದೆ. ಕಿವಿಯ ಪಕ್ಕ ಒಂದೇ ಒಂದು ಎಳೆ ಇಣುಕಿದರೂ ವಾಪಸ್! ಇಷ್ಟೆಲ್ಲ ಶಿಸ್ತಿನ ನನ್ನ ತಲೆಯ ಮೇಲಿದ್ದ ಕೂದಲು ಮಾತ್ರ ನನ್ನದಾಗಿರಲಿಲ್ಲ.

ಅದನ್ನೂ ಹೇಳಿಬಿಡುತ್ತೇನೆ. ಹಿಂದಿನ ಕಂಪನಿಯಲ್ಲಿ ಹೊಸದಾಗಿ ಸೇರಿದವನೊಬ್ಬ, "ಸಾರ್, ನಿಮ್ಮ ರಿಟೈರ್ಮೆಂಟ್ ಈ ವರ್ಷಾನಾ?" ಎಂದು ಬಹಳ ಗೌರವದಿಂದ ಕೇಳಿದ. ನನಗಾಗ ನಲವತ್ತಮೂರು! ಅವತ್ತೇ ಕೂದಲು ನಾಟಿ ಮಾಡುವ ಡಾಕ್ಟರ ಹತ್ತಿರ ಓಡಿದೆ. ಅವರು ನನ್ನ ತಲೆಯನ್ನು ಎಲ್ಲ ದಿಕ್ಕಿಗೂ ತಿರುಗಿಸಿ ನೋಡಿ ನಿಟ್ಟುಸಿರು ಬಿಟ್ಟರು. "ಹಿಂದಿಂದ ಕಿತ್ತು ಮುಂದೆ ನೆಡೋದು ಸಾರ್ ಇದು. ನಿಮಗೆ ಹಿಂದೇನೂ ಉಳಿದಿಲ್ಲ. ಎಲ್ಲಿಂದ ಕೀಳಲಿ?"

ಇನ್ನುಳಿದದ್ದು ಪ್ಯಾಚ್. ತೆಳ್ಳನೆಯ ಬಲೆಗೆ ಒಂದೊಂದೇ ಕೂದಲನ್ನು ಗಂಟು ಹಾಕಿ ಮಾಡಿದ ವಿಗ್. ಕ್ಲಿಪ್ಪಿನದು, ಟೇಪಿನದು, ಗಮ್ಮಿನದು ಎಂದು ಅಂಗಡಿಯವನು ಮೂರು ಬಗೆ ತೋರಿಸಿದ. ಕ್ಲಿಪ್ ಸಿಕ್ಕಿಸಲು ತಲೆಯಲ್ಲಿ ಕೂದಲಿರಬೇಕಂತೆ! ಗಾಳಿಗೆ ಹಾರಬಾರದು, ಇರುವುದರಲ್ಲೇ ಗಟ್ಟಿ ಗಮ್ಮು ಹಾಕಪ್ಪಾ ಎಂದೆ.

ಮನೆಯಲ್ಲಿ ನನ್ನ ಹೆಂಡತಿ ಸುಮಾ ಎರಡು ದಿನ ನನ್ನ ಮುಖವನ್ನೇ ನೋಡಲಿಲ್ಲ. "ಹದಿನೈದು ವರ್ಷ ಆ ಬೋಳು ತಲೆ ಜೊತೇಲೇ ಸಂಸಾರ ಮಾಡಿದೀನಿ ಕಣ್ರೀ. ಈಗ ಯಾರೋ ಪರಪುರುಷರ ಜೊತೆ ಕಾಫಿ ಕುಡಿದಂಗಾಗ್ತಿದೆ!"

ಹೊಸ ತಲೆಯೊಂದಿಗೇ ಈ ಹೊಸ ಕಂಪನಿಗೆ ಸೇರಿದೆ. ಇಲ್ಲಿ ಯಾರಿಗೂ ಗುಟ್ಟು ಗೊತ್ತಿರಲಿಲ್ಲ. ಗೊತ್ತಾದರೆ ಮುಖ ಎತ್ತಿಕೊಂಡು ಓಡಾಡುವ ಹಾಗಿರಲಿಲ್ಲ.

ಏಳು ತಿಂಗಳು ಹೀಗೇ ಕಳೆಯಿತು. ಒಂದು ಮಂಗಳವಾರ ಗುಣಮಟ್ಟ ವಿಭಾಗದ ರೇಖಾ ಮೇಡಂ ಮಾತ್ರೆ ಪಟ್ಟಿಯೊಂದನ್ನು ಬೆಳಕಿಗೆ ಹಿಡಿದು ನನ್ನನ್ನು ಕರೆದರು. ಎರಡು ಮಾತ್ರೆಗಳ ನಡುವೆ, ಪ್ಲಾಸ್ಟಿಕ್ಕಿನ ಕೆಳಗೆ, ನಾಲ್ಕು ಬೆರಳುದ್ದದ ಕಪ್ಪು ಕೂದಲು! ಮರುದಿನ ಬೆಳಿಗ್ಗೆಯೇ ತಪಾಸಣೆಗೆ ಅಧಿಕಾರಿಗಳು ಬರುವವರಿದ್ದರು. ನಾನು ಯಂತ್ರ ನಿಲ್ಲಿಸಿ, ಹನ್ನೆರಡು ಜನರನ್ನೂ ಹೊರಗಿನ ಕೋಣೆಯಲ್ಲಿ ಸಾಲಾಗಿ ನಿಲ್ಲಿಸಿ ಘೋಷಿಸಿದೆ: "ಯಾರದ್ದೇ ಆಗಿರ್ಲಿ, ಇವತ್ತೇ ಕೆಲಸದಿಂದ ಹೊರಗೆ! ಟೋಪಿ ತೆಗೀರಿ!"

ಹೆಂಗಸರಿಗೆಲ್ಲ ಸೊಂಟದವರೆಗೆ ಜಡೆ. ಗಂಡಸರದ್ದೆಲ್ಲ ತೀರಾ ಗಿಡ್ಡ ಕ್ರಾಪು. ನಾಲ್ಕು ಬೆರಳುದ್ದದ ಕೂದಲಿದ್ದದ್ದು ನೀಲವ್ವ ಒಬ್ಬಳಿಗೇ. ಗದಗದ ಕಡೆಯವಳು, ಚಂದಾಪುರದಲ್ಲಿ ಬಾಡಿಗೆ ಕೋಣೆ, ಇಬ್ಬರು ಮಕ್ಕಳು. ಕೆಲವು ತಿಂಗಳ ಹಿಂದೆ ಮಗಳ ಜ್ವರ ವಾಸಿಯಾಯಿತೆಂದು ದೇವರಿಗೆ ಮುಡಿ ಕೊಟ್ಟು ಬಂದಿದ್ದಳು.

"ನಂದಲ್ರೀ ಸರ! ಮುಂಜಾನಿ ನೀವ ನನ್ನ ಟೊಪಗಿ ನೋಡಿ ಒಳಗ ಬಿಟ್ಟೀರಿ. ಕೆಲಸ ಹೋದ್ರ ಹುಡುಗರ ಸಾಲಿ ಬಿಡಸಬೇಕಾಗ್ತೈತ್ರಿ!"

ಅಷ್ಟರಲ್ಲಿ ರೇಖಾ ಮೇಡಂ ಭೂತಗನ್ನಡಿಯಿಂದ ಕಣ್ಣು ತೆಗೆದರು. "ವಿಚಿತ್ರ ಕಣ್ರೀ. ಈ ಕೂದಲಿನ ತುದೀಲಿ ಗಂಟಿದೆ."

ನನ್ನ ಕೈ ತಾನಾಗಿಯೇ ನನ್ನ ಟೋಪಿಗೆ ಹೋಯಿತು. ಬೆಳಿಗ್ಗೆ ಬೆವರಿಗೆ ಗಮ್ಮಿನ ಅಂಚು ತಡೆಯಲಾರದಷ್ಟು ಕಡಿಯುತ್ತಿತ್ತು. ಟೋಪಿಯೊಳಗೆ ಪೆನ್ನು ತೂರಿಸಿ ಕೆರೆದುಕೊಂಡಿದ್ದೆ. ಯಂತ್ರದ ಪಕ್ಕದಲ್ಲೇ ನಿಂತು!

ಸುದ್ದಿ ಕೇಳಿ ರಿಪೋರ್ಟ್ ಹಾಳೆ ಹಿಡಿದುಕೊಂಡೇ ಬಂದಿದ್ದ ಮ್ಯಾನೇಜರ್ ಮೂರ್ತಿ ಸಾರ್‌ಗೆ ಗಂಟಿನ ಗೊಡವೆ ಬೇಕಿರಲಿಲ್ಲ. "ಅಳತೆ ಸರಿಹೋಯ್ತಲ್ಲ, ಮುಗೀತು. ಇವಳನ್ನ ಕಳಿಸ್ಬಿಡಿ. ರಿಪೋರ್ಟಿಗೆ ಸೈನ್ ಹಾಕಿ."

ಕೈಯಲ್ಲಿ ಅದೇ ಪೆನ್ನು. ನೀಲವ್ವ ನನ್ನನ್ನೇ ನೋಡುತ್ತಿದ್ದಳು. ಸೈನ್ ಹಾಕಿದರೆ ನನ್ನ ತಲೆ ಉಳಿಯುತ್ತಿತ್ತು, ಅವಳ ಕೆಲಸ ಹೋಗುತ್ತಿತ್ತು. ನಾಚಿಕೆಗೇಡು, ಆದರೂ ಹೇಳುತ್ತೇನೆ: ಪೆನ್ನಿನ ಮುಚ್ಚಳ ತೆಗೆದದ್ದು ನಿಜ. ಅವಳು ಕಣ್ಣೊರೆಸಿಕೊಳ್ಳಲು ಬೆಳಿಗ್ಗೆ ನಾನೇ ಪರೀಕ್ಷಿಸಿದ್ದ ಆ ಟೋಪಿಯನ್ನು ಎತ್ತಿದಳು ನೋಡಿ, ನನ್ನಿಂದಾಗಲಿಲ್ಲ.

"ಸಾರ್, ಆ ಕೂದಲು ನನ್ನದು."

ಮೂರ್ತಿ ಸಾರ್ ನನ್ನ ಭುಜ ತಟ್ಟಿದರು. "ನಿಮ್ಮದು ದೊಡ್ಡ ಮನಸ್ಸು ಕಣ್ರೀ. ಆದ್ರೆ ಕರುಣೆ ಬೇರೆ, ರೂಲ್ಸ್ ಬೇರೆ."

"ಕರುಣೆ ಅಲ್ಲ ಸಾರ್, ವಿಗ್ಗು! ನಾನು ಹಾಕಿರೋದು ವಿಗ್ಗು!"

"ಸುಮ್ನಿರ್ರೀ! ಇಷ್ಟು ಚೆನ್ನಾಗಿರೋ ಕೂದಲು ವಿಗ್ಗಂತೆ!"

ಅಂಥ ಹೊತ್ತಿನಲ್ಲೂ ನನಗೆ ಒಂದು ಕ್ಷಣ ಹೆಮ್ಮೆಯಾಯಿತು. ನನ್ನ ಜನ್ಮಕ್ಕಿಷ್ಟು!

ಟೋಪಿ ಕಿತ್ತೆಸೆದು ಕೂದಲು ಹಿಡಿದು ಎಳೆದೆ. ಬರಲಿಲ್ಲ. ಎರಡೂ ಕೈ ಹಾಕಿ ಎಳೆದೆ. ಹುಬ್ಬುಗಳು ಮೇಲೆ ಬಂದವೇ ಹೊರತು ವಿಗ್ ಬರಲಿಲ್ಲ! ಏಳು ತಿಂಗಳು ಎಲ್ಲಿ ಬಿದ್ದುಹೋಗುತ್ತದೋ ಎಂದು ಹೆದರಿ ಸತ್ತಿದ್ದೆ, ಈಗ ಬೇಕೆಂದರೂ ಅಲ್ಲಾಡದು. ಕಣ್ಣಲ್ಲಿ ನೀರು ಬಂತು.

"ಅಯ್ಯೋ, ಅಳ್ತಿದ್ದಾರೆ ಪಾಪ," ಎಂದರು ಮೂರ್ತಿ ಸಾರ್. "ಯಾರಾದ್ರೂ ನೀರು ಕೊಡ್ರೋ."

"ಎಳೀಬ್ಯಾಡ್ರಿ ಸರ, ತೊಗಲ ಕಿತ್ತು ಬರ್ತೈತಿ!" ಎಂದು ನೀಲವ್ವ ಮುಂದೆ ಬಂದಳು. ಕೈ ಒರೆಸಿಕೊಳ್ಳಲು ಇಟ್ಟಿದ್ದ ಸ್ಪಿರಿಟ್ ಬಾಟಲಿಯನ್ನು ನನ್ನ ಹಣೆಗೆ ಸುರಿದು, ಉಗುರಿನಿಂದ ಅಂಚು ಎಬ್ಬಿಸಿ, ದೋಸೆ ಎತ್ತುವ ಹಾಗೆ ನಿಧಾನವಾಗಿ ಎತ್ತಿದಳು. ವಿಗ್ ಅವಳ ಕೈಗೆ ಬಂತು. ಉರಿ ನನ್ನ ತಲೆಗೆ ಬಂತು.

ರೇಖಾ ಮೇಡಂ ಅದನ್ನು ಮಗುಚಿ, ಭೂತಗನ್ನಡಿ ಇಟ್ಟು ನೋಡಿ, "ಹೂಂ, ಅದೇ ಗಂಟು," ಎಂದರು. ಆಮೇಲೆ ಎದ್ದ ನಗು ಪಕ್ಕದ ಶೆಡ್ಡಿನವರಿಗೂ ಕೇಳಿಸಿತಂತೆ.

ನೀಲವ್ವ ನಗಲಿಲ್ಲ. "ಭಾಳ ಉಪಕಾರ ಆತ್ರೀ ಸರ," ಎಂದು ಕೈಮುಗಿದು ತನ್ನ ಜಾಗಕ್ಕೆ ಹೋದಳು. ಮೂರ್ತಿ ಸಾರ್ ನನ್ನನ್ನು ಕೆಲಸದಿಂದ ತೆಗೆಯಲಿಲ್ಲ, ಬಾಗಿಲ ಕಾವಲಿನಿಂದ ತೆಗೆದರು. ಹಳೆಯ ರಿಪೋರ್ಟ್ ಹರಿದು, ಹೊಸದನ್ನು ನನ್ನ ಕೈಯಲ್ಲೇ ಬರೆಸಿದರು. ದೋಷದ ಮೂಲ: ಸೂಪರ್‌ವೈಸರ್ ತಲೆ. ಕೈಗೊಂಡ ಕ್ರಮ: ಪೂರ್ತಿಯಾಗಿ ತೆರವುಗೊಳಿಸಲಾಗಿದೆ. ಮತ್ತೆ ಸಂಭವಿಸುವ ಸಾಧ್ಯತೆ: ಇಲ್ಲ.

ಮರುದಿನ ತಪಾಸಣೆಗೆ ಬಂದ ಅಧಿಕಾರಿ ಆ ಹಾಳೆಯನ್ನು ಎರಡು ಸಲ ಓದಿದರು. ಕನ್ನಡಕ ಸರಿಮಾಡಿಕೊಂಡು ನನ್ನ ತಲೆಯನ್ನು ಮುಂದಿನಿಂದ ನೋಡಿದರು. ಎದ್ದು ಬಂದು ಹಿಂದಿನಿಂದಲೂ ನೋಡಿದರು. ಬಳಿಕ ಕುಳಿತು, ಕೊನೆಯ ಸಾಲಿನ ಪಕ್ಕದಲ್ಲಿ "ಖುದ್ದಾಗಿ ಪರಿಶೀಲಿಸಲಾಗಿದೆ" ಎಂದು ಬರೆದು ರುಜು ಹಾಕಿದರು.